ವಿಧಾನಸೌಧದ ನಿರ್ಮಾತೃ ಕೆಂಗಲ್ ಹನುಮಂತಯ್ಯ

ಥಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಗಳಲ್ಲಿ ನೆಲೆಸಿರುವ ನಮ್ಮ ಕನ್ನಡ ಕುಟುಂಬಗಳ ಹಿರಿಯರಿಗೆ ನೆನಪಿರುವ, ಕಿರಿಯರಲ್ಲಿ ಬಹುಮಂದಿ ಕೇಳಿಯೇ ಇರದ ಸಂಗತಿಯೊಂದಿದೆ. 1956ರ ಅಕ್ಟೋಬರ್ 31ರವರೆಗೆ ಧಾರವಾಡ, ಬೆಳಗಾವಿ, ವಿಜಾಪುರ ಹಾಗೂ ಉತ್ತರ ಕನ್ನಡ ಜಿಲ್ಲೆಗಳ ಕನ್ನಡಿಗರಿಗೆ ರಾಜಧಾನಿಯಾಗಿದ್ದುದು ಬೆಂಗಳೂರಲ್ಲ, ಮುಂಬಯಿ. ಅವರು ಆರಿಸಿ ಕಳುಹಿಸಿದ ಶಾಸಕರು ರೈಲು ಹತ್ತಿ ಬಂದು ಕುಳಿತುಕೊಳ್ಳುತ್ತಿದ್ದುದು ರೀಗಲ್ ಚಿತ್ರಮಂದಿರದ ಎದುರಿಗಿರುವ ಕೌನ್ಸಿಲ್ ಹಾಲ್‌ನಲ್ಲಿ. ಇಂದು ಅದು ಮಹಾರಾಷ್ಟ್ರ ಪೊಲೀಸ್ ಇಲಾಖೆಯ ಪ್ರಧಾನ ಕಚೇರಿ. ಮೂಲತಃ ಅದು ಆಂಗ್ಲ ನಾವಿಕರ ವಸತಿಗಾಗಿ 1870ರ ದಶಕದಲ್ಲಿ ಎದ್ದ ಕಟ್ಟಡ. ನಾವು ನಿತ್ಯ ಲೋಕಲ್ ರೈಲಿನಿಂದ ಇಳಿಯುವ ಅಂದಿನ ವಿ.ಟಿ., ಇಂದಿನ ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್ಸನ್ನು ರೂಪಿಸಿದ ಎಫ್.ಡಬ್ಲ್ಯು. ಸ್ಟೀವನ್ಸ್ ಅವರೇ ಅದರ ವಾಸ್ತುಶಿಲ್ಪಿಯೂ ಹೌದು. ಜಕ್ಕಲಿಯ ಅಂದಾನಪ್ಪ ದೊಡ್ಡಮೇಟಿಯವರಂತಹವರು ಕರ್ನಾಟಕದ ಏಕೀಕರಣಕ್ಕಾಗಿ ದನಿಯೆತ್ತಿದ್ದು ಮುಂಬಯಿಯ ಈ ಶಾಸನಸಭೆಯಲ್ಲಿ. ಪರರ ನೆಲದಲ್ಲಿ, ಪರದೇಶೀಯರ ಶೈಲಿಯಲ್ಲಿ, ಪರರಿಗಾಗಿ ಕಟ್ಟಿದ ಮನೆಯೊಳಗೆ ಕುಳಿತು ತಮ್ಮದೊಂದು ಮನೆ ಬೇಕೆಂದು ಕೇಳಬೇಕಾದ ಸ್ಥಿತಿ ಅಂದಿನ ಕನ್ನಡಿಗರದಾಗಿತ್ತು.

ಉಳಿದ ಕನ್ನಡಿಗರ ಪಾಡೂ ಇದಕ್ಕಿಂತ ಭಿನ್ನವಾಗಿರಲಿಲ್ಲ. ದಕ್ಷಿಣ ಕನ್ನಡದವರು ಮದ್ರಾಸಿನ ಕಡೆಗೆ, ಬೀದರ, ಕಲಬುರ್ಗಿ, ರಾಯಚೂರಿನವರು ಹೈದರಾಬಾದಿನ ಕಡೆಗೆ ಮುಖ ಮಾಡಿ ನಿಲ್ಲಬೇಕಾಗಿತ್ತು. ಕೊಡಗು ತಾನೇ ಒಂದು ಪುಟ್ಟ ರಾಜ್ಯವಾಗಿತ್ತು. ಹೀಗೆ ಚದುರಿಹೋಗಿದ್ದವರ ಪ್ರತಿನಿಧಿಗಳೆಲ್ಲ ಒಂದೇ ಸೂರಿನಡಿ ಮೊದಲ ಬಾರಿಗೆ ಸೇರಿದ್ದು 1956ರ ಡಿಸೆಂಬರ್ ತಿಂಗಳಲ್ಲಿ, ಬೆಂಗಳೂರಿನ ವಿಧಾನಸೌಧದಲ್ಲಿ. ಆ ಸೂರನ್ನು ಕಟ್ಟಿಸಿದ ಕೆಂಗಲ್ ಹನುಮಂತಯ್ಯನವರು ಆ ವೇಳೆಗೆ ಅಧಿಕಾರವನ್ನು ಕಳೆದುಕೊಂಡು ನಾಲ್ಕು ತಿಂಗಳಾಗಿತ್ತು.

ಹನುಮಂತಯ್ಯನವರು ಹುಟ್ಟಿದ್ದು 1908ರ ಫೆಬ್ರವರಿಯಲ್ಲಿ, ರಾಮನಗರದ ಸಮೀಪದ ಲಕ್ಕಪ್ಪನಹಳ್ಳಿ ಎಂಬ ಸಣ್ಣ ಗ್ರಾಮದ ಒಕ್ಕಲು ಮನೆತನದಲ್ಲಿ. ಆ ಪ್ರದೇಶದ ಜನರ ಆರಾಧ್ಯದೈವ ರಾಮನಗರ ಮತ್ತು ಚನ್ನಪಟ್ಟಣಗಳ ನಡುವೆ ಹೆದ್ದಾರಿಯ ಪಕ್ಕದಲ್ಲಿರುವ ಕೆಂಗಲ್ಲಿನ ಆಂಜನೇಯ. ಸ್ವಂತ ಹೆಸರಿನಲ್ಲಿಯೂ ಹನುಮನನ್ನು ಹೊತ್ತಿದ್ದ ಅವರು ಕ್ಷೇತ್ರದ ಹೆಸರನ್ನೂ ತಮ್ಮ ಹೆಸರಿನ ಮುಂದೆ ಇರಿಸಿಕೊಂಡರು. ಮುಂದೆ ಆ ದೇವಾಲಯದ ಜೀರ್ಣೋದ್ಧಾರವನ್ನೂ ಮಾಡಿಸಿದರು. ಬ್ರಿಟಿಷ್ ಅಧಿಕಾರಿಯೊಬ್ಬನ ಹೆಸರಿನಿಂದ ಕ್ಲೋಸ್‌ಪೇಟೆ ಎನಿಸಿಕೊಂಡಿದ್ದ ಊರು ರಾಮನಗರವಾದುದರ ಹಿಂದೆಯೂ ಅವರ ಪ್ರಯತ್ನವಿತ್ತು. ಪರಕೀಯರ ಮುದ್ರೆ ಎಲ್ಲೆಲ್ಲಿದೆಯೋ ಅಲ್ಲೆಲ್ಲ ಅದನ್ನು ಅಳಿಸಿ ನಮ್ಮದನ್ನು ಬರೆಯಬೇಕೆಂಬುದು ಅವರ ಸ್ವಭಾವದಲ್ಲೇ ಬೆರೆತಿದ್ದ ಹಟ. ಅವರ ಬದುಕಿನ ಬಹುಪಾಲು ನಿರ್ಧಾರಗಳು ಈ ಹಟದಿಂದಲೇ ಮೂಡಿಬಂದವೆಂದು ಹೇಳಿದರೆ ತಪ್ಪಾಗದು.

ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ 1930ರಲ್ಲಿ ಬಿ.ಎ. ಪದವಿ ಪಡೆದ ಅವರು ಅಲ್ಲಿಯ ವಿದ್ಯಾರ್ಥಿ ಸಂಘದಲ್ಲೂ ಕರ್ನಾಟಕ ಸಂಘದಲ್ಲೂ ಕಾರ್ಯದರ್ಶಿಯಾಗಿ ದುಡಿದಿದ್ದರು. ಕಾನೂನು ಓದಲು ಅವರು ಬಂದದ್ದು ನಮ್ಮ ಪುಣೆಗೆ. 1932ರಲ್ಲಿ ಪುಣೆಯ ಲಾ ಕಾಲೇಜಿನಿಂದ ಪದವಿ ಪಡೆದು ಬೆಂಗಳೂರಿಗೆ ಮರಳಿ ವಕೀಲಿ ವೃತ್ತಿಯನ್ನು ಆರಂಭಿಸಿದರು. ದೇಶವೆಲ್ಲ ಸ್ವಾತಂತ್ರ್ಯ ಹೋರಾಟದಲ್ಲಿ ಮುಳುಗಿದ್ದ ಆ ಕಾಲದಲ್ಲಿ ವಕೀಲಿಗಿಂತ ಕಾಂಗ್ರೆಸ್ಸಿನ ಕೆಲಸವೇ ಮುಖ್ಯವಾಯಿತು. ಹಲವು ಬಾರಿ ಸೆರೆಮನೆ ಕಂಡರು. ಮೈಸೂರು ಸಂಸ್ಥಾನದ ಪ್ರಜಾಪ್ರತಿನಿಧಿ ಸಭೆಯ ಸದಸ್ಯರಾದರು. 1947ರ ಅಕ್ಟೋಬರ್‌ನಲ್ಲಿ ಮೈಸೂರಿಗೆ ಜವಾಬ್ದಾರಿ ಸರಕಾರ ದೊರೆತು ಕೆ.ಸಿ. ರೆಡ್ಡಿಯವರು ಮುಖ್ಯಮಂತ್ರಿಯಾದಾಗ ಹನುಮಂತಯ್ಯನವರು ಪಕ್ಷದ ಮುಂಚೂಣಿಯ ನಾಯಕರಲ್ಲಿ ಒಬ್ಬರಾಗಿದ್ದರು.

ಭಾರತದ ಸಂವಿಧಾನ ರಚನಾ ಸಭೆಗೆ ಮೈಸೂರಿನಿಂದ ಹೋದವರಲ್ಲಿ ಅವರೂ ಇದ್ದರು. 1949ರ ನವೆಂಬರ್‌ನಲ್ಲಿ, ಸಂವಿಧಾನವು ಅಂತಿಮ ರೂಪ ತಳೆದಿದ್ದಾಗ, ಅವರು ಸಭೆಯಲ್ಲಿ ಆಡಿದ ಮಾತು ಇಂದಿಗೂ ವಿದ್ವಾಂಸರ ಚರ್ಚೆಯಲ್ಲಿ ಬರುತ್ತದೆ. ತಾವು ವೀಣೆಯ ಅಥವಾ ಸಿತಾರಿನ ನಾದವನ್ನು ನಿರೀಕ್ಷಿಸಿದ್ದಾಗಿಯೂ ಕಿವಿಗೆ ಬಿದ್ದದ್ದು ಇಂಗ್ಲಿಷ್ ಬ್ಯಾಂಡಿನ ವಾದ್ಯವೆಂದೂ ಅವರು ಕೊರಗಿದರು. ರಚನಾಕಾರರು ಅಂದಿನ ವ್ಯವಸ್ಥೆಯಲ್ಲಿ ಪಳಗಿದವರಾದುದರಿಂದ ಹೀಗಾಯಿತೆಂದು ಅವರು ಕಾರಣವನ್ನೂ ಕೊಟ್ಟರು. ಸಂವಿಧಾನದ ವಿಷಯದಲ್ಲಿ ಈ ಟೀಕೆ ನ್ಯಾಯವೇ ಎಂಬುದು ಬೇರೆ ಪ್ರಶ್ನೆ. ನಮ್ಮ ಮಟ್ಟಿಗೆ ಗಮನಿಸಬೇಕಾದುದು, ಎರಡೂವರೆ ವರ್ಷಗಳ ಬಳಿಕ ಒಂದು ಕಟ್ಟಡದ ನಕ್ಷೆಯನ್ನು ಕೈಯಲ್ಲಿ ಹಿಡಿದಾಗಲೂ ಅವರ ಕಿವಿಯಲ್ಲಿ ಅದೇ ಬ್ಯಾಂಡು ಬಾರಿಸುತ್ತಿತ್ತೆಂಬುದು.

ಬೆಂಗಳೂರಿನಲ್ಲಿ ಆಗ ಸರಕಾರದ ಕಚೇರಿಗಳಿದ್ದುದು ಕಬ್ಬನ್ ಪಾರ್ಕಿನ ಅಂಚಿನ ಅಠಾರಾ ಕಚೇರಿಯಲ್ಲಿ. 1868ರಲ್ಲಿ ಪೂರ್ಣಗೊಂಡ ಆ ಕೆಂಪು ಬಣ್ಣದ ಎರಡಂತಸ್ತಿನ ಕಟ್ಟಡದಲ್ಲಿ 18 ಇಲಾಖೆಗಳಿದ್ದುದರಿಂದ ಆ ಹೆಸರು ಬಂತು. ಇಂದು ಅಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವಿದೆ. ಸ್ವಾತಂತ್ರ್ಯಾನಂತರ ಶಾಸನಸಭೆಗೂ ಸಚಿವಾಲಯಕ್ಕೂ ಸ್ಥಳ ಸಾಲದಾಯಿತು. ಕೆ.ಸಿ. ರೆಡ್ಡಿಯವರ ಸರಕಾರವು ಅಠಾರಾ ಕಚೇರಿಯ ಎದುರಿನ ವಿಶಾಲ ಬಯಲಿನಲ್ಲಿ ಹೊಸ ಕಟ್ಟಡವೊಂದನ್ನು ಕಟ್ಟಲು ನಿರ್ಧರಿಸಿತು. 1951ರ ಜುಲೈ 13ರಂದು ಪ್ರಧಾನಿ ಜವಾಹರಲಾಲ್ ನೆಹರೂ ಅವರು ಶಂಕುಸ್ಥಾಪನೆ ಮಾಡಿದರು. ರೆಡ್ಡಿಯವರ ಕಲ್ಪನೆಯ ಕಟ್ಟಡವು ಸರಳವೂ ಮಿತವ್ಯಯದ್ದೂ ಆಗಿದ್ದು ಪಾಶ್ಚಾತ್ಯ ಮಾದರಿಯನ್ನು ಅನುಸರಿಸಿತ್ತು. ವಿಧಾನಸೌಧದ ಇತಿಹಾಸದಲ್ಲಿ ರೆಡ್ಡಿಯವರ ಹೆಸರು ಹಿಂದೆ ಸರಿದಿರುವುದು ಅಷ್ಟು ನ್ಯಾಯವಲ್ಲ. ಸ್ಥಳ ಗೊತ್ತುಮಾಡಿ ಅಡಿಗಲ್ಲು ಹಾಕಿಸಿದವರು ಅವರೇ.

1952ರ ಮೊದಲ ಮಹಾಚುನಾವಣೆಯಲ್ಲಿ ಮೈಸೂರು ವಿಧಾನಸಭೆಯ 99 ಸ್ಥಾನಗಳಲ್ಲಿ 74ನ್ನು ಕಾಂಗ್ರೆಸ್ ಗೆದ್ದಿತು. ನಾಯಕತ್ವ ಹನುಮಂತಯ್ಯನವರಿಗೆ ಒಲಿಯಿತು. ಮಾರ್ಚ್ 30ರಂದು ಅವರು ಮುಖ್ಯಮಂತ್ರಿಯಾದರು. ಕೆಲವೇ ದಿನಗಳಲ್ಲಿ ಹೊಸ ಕಟ್ಟಡದ ನಕ್ಷೆಯನ್ನು ತರಿಸಿ ನೋಡಿದರು, ಒಪ್ಪಲಿಲ್ಲ.

ಈ ಕುರಿತು ಅವರೇ ಹೇಳಿಕೊಳ್ಳುತ್ತಿದ್ದ ಒಂದು ಪ್ರಸಂಗ ಪ್ರಸಿದ್ಧವಾಗಿದೆ. ರಷ್ಯದ ಸಾಂಸ್ಕೃತಿಕ ನಿಯೋಗವೊಂದು ಬೆಂಗಳೂರಿಗೆ ಬಂದಿತ್ತು. ಹನುಮಂತಯ್ಯನವರು ಅತಿಥಿಗಳನ್ನು ಕರೆದುಕೊಂಡು ಊರು ತೋರಿಸಿದರು. ಒಂದಾದ ಮೇಲೊಂದು ಸರಕಾರಿ ಕಟ್ಟಡವನ್ನು ಕಂಡ ಆ ಅತಿಥಿಗಳು ನಿಮಗೆ ನಿಮ್ಮದೇ ಆದ ವಾಸ್ತುಶಿಲ್ಪವೇ ಇಲ್ಲವೇ ಎಂದು ಮತ್ತೆ ಮತ್ತೆ ಕೇಳಿದರಂತೆ. ಬೇಲೂರು, ಹಳೇಬೀಡು, ಸೋಮನಾಥಪುರಗಳ ನಾಡಿನ ಮುಖ್ಯಮಂತ್ರಿಗೆ ಈ ಪ್ರಶ್ನೆ ಹೇಗೆ ಚುಚ್ಚಿರಬೇಕೆಂಬುದನ್ನು ಊಹಿಸಿಕೊಳ್ಳಬಹುದು. ನಾಡಿನ ಹೆಸರಾಂತ ಕಟ್ಟಡಗಳೆಲ್ಲ ದೇವಾಲಯಗಳು ಇಲ್ಲವೆ ಅರಮನೆಗಳು. ಪ್ರಜೆಗಳ ಸರಕಾರಕ್ಕೆ ಮಾತ್ರ ಯುರೋಪಿನಿಂದ ತಂದ ಕಂಬಸಾಲು. ಹಳೆಯ ನಕ್ಷೆ ಬದಿಗೆ ಸರಿಯಿತು.

ಹೊಸ ನಕ್ಷೆಯ ಹೊಣೆ ಬಿದ್ದದ್ದು ಲೋಕೋಪಯೋಗಿ ಇಲಾಖೆಯ ಮುಖ್ಯ ವಾಸ್ತುಶಿಲ್ಪಿ ಬಿ.ಆರ್. ಮಾಣಿಕ್ಕಂ ಅವರ ಮೇಲೆ. ಇದು ಸುಲಭದ ಕೆಲಸವಾಗಿರಲಿಲ್ಲ. ದೇವಾಲಯದ ಶಿಲ್ಪಿಗೆ ಗರ್ಭಗುಡಿ, ನವರಂಗ, ಗೋಪುರಗಳ ಲೆಕ್ಕಾಚಾರ ಪರಂಪರೆಯಿಂದ ಸಿದ್ಧವಾಗಿರುತ್ತದೆ. ಸಾವಿರಾರು ನೌಕರರು ಕುಳಿತು ಕಡತ ನೋಡುವ ಕೊಠಡಿಗಳಿಗೆ, ಎರಡು ಸದನಗಳಿಗೆ, ಗ್ರಂಥಾಲಯಕ್ಕೆ, ಔತಣಶಾಲೆಗೆ ಯಾವ ಆಗಮಶಾಸ್ತ್ರವೂ ಅಳತೆ ಹೇಳುವುದಿಲ್ಲ. ಮಾಣಿಕ್ಕಂ ಅವರು ಕಂಡುಕೊಂಡ ಪರಿಹಾರವೆಂದರೆ ನೆಲನಕ್ಷೆಯನ್ನು ಆಧುನಿಕವಾಗಿಟ್ಟು ಮೈಯನ್ನು ದೇಶೀಯಗೊಳಿಸುವುದು. ಉತ್ತರ ದಕ್ಷಿಣವಾಗಿ 700 ಅಡಿ, ಪೂರ್ವ ಪಶ್ಚಿಮವಾಗಿ 350 ಅಡಿಯ ಆಯತ. ಒಳಗೆ ಗಾಳಿ ಬೆಳಕುಗಳಿಗಾಗಿ ಎರಡು ತೆರೆದ ಅಂಗಳಗಳು. ಅವುಗಳ ನಡುವಿನ ಭಾಗದಲ್ಲಿ ವಿಧಾನಸಭೆ. ನಮ್ಮ ತೊಟ್ಟಿಮನೆಗಳನ್ನು ಬಲ್ಲವರಿಗೆ ಈ ಅಂಗಳಗಳು ಅಪರಿಚಿತವೆನಿಸಲಾರವು.

ಹೊರಗಿನಿಂದ ನೋಡುವವರ ಕಣ್ಣಿಗೆ ಮೊದಲು ಬೀಳುವುದು ಪೂರ್ವದ ಮೆಟ್ಟಿಲುಗಳು. 200 ಅಡಿಗೂ ಹೆಚ್ಚು ಅಗಲದ 45 ಮೆಟ್ಟಿಲುಗಳನ್ನು ಏರಿದರೆ 40 ಅಡಿ ಎತ್ತರದ 12 ಕಲ್ಲಿನ ಕಂಬಗಳ ಮುಖಮಂಟಪ. ಅದರ ಮೇಲೆ 60 ಅಡಿ ವ್ಯಾಸದ ನಡುಗುಮ್ಮಟ, 8 ಕಂಬಗಳ ಆಧಾರದ ಮೇಲೆ. ಗುಮ್ಮಟದ ತುದಿಯಲ್ಲಿ ಕಳಶವಿಲ್ಲ, ಅಶೋಕನ ನಾಲ್ಕು ಸಿಂಹಗಳಿವೆ. ದೇವಾಲಯದ ಶಿಖರವನ್ನು ಹೋಲುವಂತೆ ಕಟ್ಟಿ, ದೇವರ ಚಿಹ್ನೆಯಿರಬೇಕಾದಲ್ಲಿ ಗಣರಾಜ್ಯದ ಲಾಂಛನವನ್ನಿಟ್ಟ ಈ ಯುಕ್ತಿ ಇಡೀ ಕಟ್ಟಡದ ಅರ್ಥವನ್ನೇ ಹಿಡಿದಿಟ್ಟಿದೆ. ಸರಕಾರದ ಕೆಲಸವೆಂದರೆ ದೇವರ ಕೆಲಸವೇ ಎಂಬ ಅರ್ಥದ ಬರಹವನ್ನು ಹನುಮಂತಯ್ಯನವರು ಮುಂಭಾಗದಲ್ಲಿ ಕೆತ್ತಿಸಿದ್ದೂ ಇದೇ ಭಾವದಿಂದ. ಆ ಬರಹವನ್ನು ಕುರಿತು ನಂತರದ ತಲೆಮಾರುಗಳು ಮಾಡಿರುವ ಹಾಸ್ಯ ಅಷ್ಟಿಷ್ಟಲ್ಲ. ಅದು ಬರಹದ ದೋಷವಲ್ಲವಷ್ಟೆ.

ಬೆಂಗಳೂರಿನ ಸುತ್ತಮುತ್ತಲ ಕಲ್ಲುಗಣಿಗಳಿಂದ ಬಂದ ಬೂದು ಶಿಲೆಯೇ ಕಟ್ಟಡದ ಮುಖ್ಯ ಸಾಮಗ್ರಿ. ಅಲಂಕಾರಕ್ಕೆ ಮಾಗಡಿಯ ನಸುಗೆಂಪು ಕಲ್ಲನ್ನೂ ತುರುವೇಕೆರೆಯ ಕಪ್ಪು ಕಲ್ಲನ್ನೂ ಬಳಸಿದರು. ಸಿಮೆಂಟಿನ ಯುಗದಲ್ಲಿ ಕಲ್ಲುಕುಟಿಗರ ಕುಲಕಸುಬು ಕ್ಷೀಣಿಸುತ್ತಿದ್ದಾಗ ಸುಮಾರು 1,500 ಮಂದಿ ಕಲ್ಲುಕೆತ್ತನೆಯವರಿಗೂ ಗಾರೆ ಕೆಲಸದವರಿಗೂ ಮರಗೆತ್ತನೆಯವರಿಗೂ ವರ್ಷಗಟ್ಟಲೆ ಉದ್ಯೋಗ ದೊರೆಯಿತು. ಇವರಲ್ಲದೆ 5,000ದಷ್ಟು ಕೂಲಿಯಾಳುಗಳು ದುಡಿದರು. ಅವರಲ್ಲಿ ಬಹುಮಂದಿ ಸೆರೆಮನೆಯ ಕೈದಿಗಳು. ಕೆಲಸ ಮುಗಿದಾಗ ಅವರಿಗೆ ಬಿಡುಗಡೆ ದೊರೆಯಿತು. ತಾವೇ ಹಲವು ಸಲ ಸೆರೆಮನೆಯಲ್ಲಿದ್ದ ಮುಖ್ಯಮಂತ್ರಿಯ ಕಾಲದಲ್ಲಿ ಇದು ನಡೆದುದು ಆಕಸ್ಮಿಕವೆಂದು ನನಗೆ ತೋರುವುದಿಲ್ಲ. ಸಚಿವ ಸಂಪುಟದ ಸಭಾಂಗಣಕ್ಕೆ ಮೈಸೂರಿನ ಶ್ರೀಗಂಧದ ಮರದ ಕೆತ್ತನೆಯ ಬಾಗಿಲು ಸಿದ್ಧವಾಯಿತು. ಹನುಮಂತಯ್ಯನವರು ಪದೇ ಪದೇ ನಿರ್ಮಾಣಸ್ಥಳಕ್ಕೆ ಬಂದು ಕೆಲಸವನ್ನು ಸ್ವತಃ ನೋಡುತ್ತಿದ್ದರು.

ಅದೇ ವರ್ಷಗಳಲ್ಲಿ ಪಂಜಾಬಿನ ಹೊಸ ರಾಜಧಾನಿ ಚಂಡೀಗಢದಲ್ಲಿ ಫ್ರಾನ್ಸಿನಿಂದ ಬಂದ ಲ ಕಾರ್ಬೂಸಿಯೆ ಅವರು ಒಡ್ಡು ಕಾಂಕ್ರೀಟಿನ ಶಾಸನಭವನವನ್ನು ಯೋಜಿಸುತ್ತಿದ್ದರು. ಸ್ವತಂತ್ರ ಭಾರತದ ಮುಖ ಹೇಗಿರಬೇಕೆಂಬ ಒಂದೇ ಪ್ರಶ್ನೆಗೆ ದೇಶದ ಎರಡು ತುದಿಗಳಲ್ಲಿ ಎರಡು ವಿರುದ್ಧ ಉತ್ತರಗಳು. ಆಧುನಿಕ ವಾಸ್ತುಶಿಲ್ಪದ ಪಂಡಿತರು ಚಂಡೀಗಢವನ್ನು ಹೊಗಳಿದಷ್ಟು ವಿಧಾನಸೌಧವನ್ನು ಹೊಗಳಲಿಲ್ಲ. ದ್ರಾವಿಡ ಕಂಬಗಳು, ರಾಜಸ್ಥಾನದ ಝರೋಕಾಗಳು, ಗುಮ್ಮಟಗಳು ಎಲ್ಲವನ್ನೂ ಕಲಸಿದ ಮಿಶ್ರಣವೆಂದು ಮೂಗು ಮುರಿದವರೂ ಉಂಟು. ಈ ಆಕ್ಷೇಪದಲ್ಲಿ ಸತ್ಯಾಂಶವಿದೆ. ಹೊಯ್ಸಳ ಶಿಲ್ಪದ ಸೂಕ್ಷ್ಮ ಕುಸುರಿಯನ್ನು ಅಲ್ಲಿ ಹುಡುಕಿ ಹೋದವರು ನಿರಾಶರಾಗುತ್ತಾರೆ. ಆದರೆ ಹಳ್ಳಿಯಿಂದ ಬಂದ ರೈತನೊಬ್ಬ ಯಾರ ವಿವರಣೆಯೂ ಇಲ್ಲದೆ ಇದು ನಮ್ಮದು, ಇದು ದೊಡ್ಡದು ಎಂದು ಅರಿಯುವಂತಹ ಕಟ್ಟಡಗಳು ನಮ್ಮ ದೇಶದಲ್ಲಿ ಹೆಚ್ಚಿಲ್ಲ. ನರೀಮನ್ ಪಾಯಿಂಟ್‌ನಲ್ಲಿ 1981ರಲ್ಲಿ ಉದ್ಘಾಟನೆಗೊಂಡ ನಮ್ಮ ಮಹಾರಾಷ್ಟ್ರದ ವಿಧಾನ ಭವನ ಅಚ್ಚುಕಟ್ಟಾದ ಕಟ್ಟಡವೇ ಹೌದು. ಆದರೂ ಅದನ್ನು ನೋಡಲೆಂದೇ ಮಕ್ಕಳನ್ನು ಕರೆದೊಯ್ಯುವವರು ವಿರಳ.

ಸೌಧ ಏರಿದಂತೆ ವೆಚ್ಚವೂ ಏರಿತು. ಮೊದಲಿನ ಅಂದಾಜನ್ನು ಬಹುದೂರ ಮೀರಿ ಅದು ಸುಮಾರು 1 ಕೋಟಿ 84 ಲಕ್ಷ ರೂಪಾಯಿಗಳನ್ನು ಮುಟ್ಟಿತು. ಶಾಲೆಗಳಿಗೆ ಸೂರಿಲ್ಲದ, ಹಳ್ಳಿಗಳಿಗೆ ರಸ್ತೆಯಿಲ್ಲದ ಬಡ ರಾಜ್ಯಕ್ಕೆ ಇಂತಹ ವೈಭವ ಏಕೆಂಬ ಪ್ರಶ್ನೆಯನ್ನು ವಿರೋಧಿಗಳಷ್ಟೇ ಅಲ್ಲ, ಸ್ವಪಕ್ಷದವರೂ ಎತ್ತಿದರು. ಅದು ಅಸೂಯೆಯಿಂದ ಮಾತ್ರ ಹುಟ್ಟಿದ ಪ್ರಶ್ನೆಯೆಂದು ತಳ್ಳಿಹಾಕುವುದು ಸರಿಯಲ್ಲ. ಗಾಂಧೀಜಿಯವರ ಸರಳತೆಯಲ್ಲಿ ಬೆಳೆದು ಬಂದ ಪೀಳಿಗೆಗೆ ಅದು ಪ್ರಾಮಾಣಿಕ ಸಂಕಟವೇ ಆಗಿತ್ತು. ಮುಂದೆ ವೆಚ್ಚವನ್ನು ಕುರಿತು ವಿಚಾರಣಾ ಸಮಿತಿಯೂ ನೇಮಕವಾಯಿತು.

ಇದರ ಜೊತೆಗೆ ಇನ್ನೊಂದು, ಇದಕ್ಕಿಂತ ದೊಡ್ಡ ಬಿರುಗಾಳಿ ಎದ್ದಿತ್ತು. 1953ರಲ್ಲಿ ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಜಿಲ್ಲೆಯ ಕನ್ನಡ ತಾಲೂಕುಗಳು ಮೈಸೂರಿಗೆ ಸೇರಿದವು. ಅದೇ ವರ್ಷದ ಕೊನೆಗೆ ರಾಜ್ಯ ಪುನರ್ವಿಂಗಡಣಾ ಆಯೋಗ ರಚನೆಯಾಯಿತು. 1955ರಲ್ಲಿ ಅದರ ವರದಿ ಬಂದಾಗ ಹಳೆಯ ಮೈಸೂರಿನ ಪ್ರಬಲ ನಾಯಕರಲ್ಲಿ ಅನೇಕರು ಏಕೀಕರಣವನ್ನು ವಿರೋಧಿಸಿದರು. ನೀರಾವರಿ, ವಿದ್ಯುತ್ತು, ಕೈಗಾರಿಕೆಗಳಲ್ಲಿ ಮುಂದುವರಿದ ಮೈಸೂರು ಹಿಂದುಳಿದ ಪ್ರದೇಶಗಳ ಹೊರೆಯನ್ನು ಹೊರಬೇಕಾದೀತೆಂಬುದು ಬಾಯಲ್ಲಿ ಹೇಳುತ್ತಿದ್ದ ಕಾರಣ. ದೊಡ್ಡ ರಾಜ್ಯದಲ್ಲಿ ಜಾತಿಯ ಸಂಖ್ಯಾಬಲ ತಲೆಕೆಳಗಾಗಿ, ಒಕ್ಕಲಿಗರ ಕೈಯಲ್ಲಿದ್ದ ಅಧಿಕಾರ ಲಿಂಗಾಯತರ ಕೈಗೆ ಹೋದೀತೆಂಬುದು ಹೇಳದ ಕಾರಣ. ಹನುಮಂತಯ್ಯನವರು ಒಕ್ಕಲಿಗರು, ಅವರ ಬೆಂಬಲಿಗರೂ ಬಹುತೇಕ ಅದೇ ಪ್ರದೇಶದವರು. ಮೌನವಾಗಿದ್ದರೂ ಅವರಿಗೆ ನಷ್ಟವಿರಲಿಲ್ಲ. ಆದರೂ ಅವರು ಏಕೀಕರಣದ ಪರವಾಗಿ ನಿಂತರು, ಶಾಸನಸಭೆಯಲ್ಲಿ ವಾದಿಸಿದರು. ಏಕೀಕೃತ ರಾಜ್ಯದ ಮುಖ್ಯಮಂತ್ರಿ ಪಟ್ಟ ತಮಗೆ ದಕ್ಕದೆ ಹೋಗಬಹುದೆಂಬುದನ್ನು ಅರಿಯದಷ್ಟು ಮುಗ್ಧರು ಅವರಾಗಿರಲಿಲ್ಲ.

ಅವರ ಗುಣದೋಷಗಳನ್ನು ಹೇಳುವಾಗ ಒಂದನ್ನು ಮರೆಮಾಚಬಾರದು. ಅವರು ಬಿಗಿಸ್ವಭಾವದ ಆಡಳಿತಗಾರರು. ಸಹೋದ್ಯೋಗಿಗಳನ್ನು ಒಲಿಸಿಕೊಂಡು ಹೋಗುವ ಕಲೆ ಅವರಿಗೆ ಒಗ್ಗಿರಲಿಲ್ಲ. ವೆಚ್ಚದ ಕೋಪ, ಏಕೀಕರಣದ ಕೋಪ, ನಾಯಕನ ಗತ್ತಿನ ಮೇಲಿನ ಕೋಪ ಮೂರೂ ಒಟ್ಟುಗೂಡಿ ಶಾಸಕಾಂಗ ಪಕ್ಷದಲ್ಲಿ ಅವರ ವಿರುದ್ಧ ಅವಿಶ್ವಾಸ ಬೆಳೆಯಿತು. 1956ರ ಆಗಸ್ಟ್ 19ರಂದು ಅವರು ಅಧಿಕಾರದಿಂದ ಇಳಿದರು. ಕಡಿದಾಳ್ ಮಂಜಪ್ಪನವರು ಎರಡೂವರೆ ತಿಂಗಳ ಕಾಲ ಮುಖ್ಯಮಂತ್ರಿಯಾಗಿದ್ದರು. ನವೆಂಬರ್ 1ರಂದು ವಿಶಾಲ ಮೈಸೂರು ರಾಜ್ಯ ಉದಯಿಸಿದಾಗ ಆ ಸ್ಥಾನಕ್ಕೆ ಬಂದವರು ಎಸ್. ನಿಜಲಿಂಗಪ್ಪನವರು. ಸೊಲ್ಲಾಪುರ, ಅಕ್ಕಲಕೋಟೆ, ಕಾಸರಗೋಡುಗಳ ಕನ್ನಡಿಗರು ಆ ಸಂಭ್ರಮದಿಂದ ಹೊರಗುಳಿದರೆಂಬುದನ್ನು ನಮ್ಮ ಓದುಗರಿಗೆ ನೆನಪಿಸಬೇಕಾಗಿಲ್ಲ.

ಡಿಸೆಂಬರ್‌ನಲ್ಲಿ ಹೊಸ ರಾಜ್ಯದ ವಿಧಾನಸಭೆಯ ಪ್ರಥಮ ಅಧಿವೇಶನ ಹೊಸ ಸೌಧದಲ್ಲಿ ಸೇರಿತು. ಮುಂಬಯಿಯ ಕೌನ್ಸಿಲ್ ಹಾಲ್‌ನಲ್ಲಿ ಕುಳಿತಿದ್ದವರು, ಮದ್ರಾಸಿನಲ್ಲಿ ಕುಳಿತಿದ್ದವರು, ಹೈದರಾಬಾದಿನಲ್ಲಿ ಕುಳಿತಿದ್ದವರು ಬಂದು ಪಕ್ಕ ಪಕ್ಕದಲ್ಲಿ ಕುಳಿತರು. ಇಲ್ಲಿ ಒಂದು ಲೆಕ್ಕವನ್ನು ಗಮನಿಸಬೇಕು. ಹನುಮಂತಯ್ಯನವರು ನಕ್ಷೆಯನ್ನು ಹಿಗ್ಗಿಸಿದಾಗ ಮೈಸೂರು ವಿಧಾನಸಭೆಯ ಸದಸ್ಯರ ಸಂಖ್ಯೆ 99. 1957ರ ಚುನಾವಣೆಯ ಹೊತ್ತಿಗೆ ಅದು 208 ಆಯಿತು. 1978ರಿಂದ ಅದು 224. 125 ಅಡಿಗೆ 132 ಅಡಿಯ ಆ ಸಭಾಂಗಣ ಇವರೆಲ್ಲರನ್ನೂ ಹಿಡಿಸಿಕೊಂಡಿತು. 9 ಜಿಲ್ಲೆಗಳ ರಾಜ್ಯಕ್ಕೆ ಅತಿಯೆನಿಸಿದ ಕಟ್ಟಡವು 19 ಜಿಲ್ಲೆಗಳ ರಾಜ್ಯಕ್ಕೆ ಸರಿಹೊಂದಿತು. ರೆಡ್ಡಿಯವರ ಮಿತವ್ಯಯದ ಕಟ್ಟಡವೇ ಎದ್ದಿದ್ದರೆ ಏಕೀಕರಣವಾದ ಮರುದಿನವೇ ಇನ್ನೊಂದನ್ನು ಕಟ್ಟಲು ಹೊರಡಬೇಕಾಗಿತ್ತು. ಮುಂಬರುವ ವಿಶಾಲ ರಾಜ್ಯವನ್ನು ಮನಸ್ಸಿನಲ್ಲಿಟ್ಟುಕೊಂಡೇ ಅವರು ಅಷ್ಟು ದೊಡ್ಡದನ್ನು ಕಟ್ಟಿಸಿದರೆಂದು ನಂಬುವವರಲ್ಲಿ ನಾನೂ ಒಬ್ಬ.

ಅನಂತರದ ರಾಜಕೀಯ ಜೀವನ ದಿಲ್ಲಿಯದು. 1962ರಿಂದ ಬೆಂಗಳೂರು ನಗರವನ್ನು ಲೋಕಸಭೆಯಲ್ಲಿ ಪ್ರತಿನಿಧಿಸಿದರು. ಮೊರಾರ್ಜಿ ದೇಸಾಯಿಯವರು 1967ರಲ್ಲಿ ಉಪಪ್ರಧಾನಿಯಾದಾಗ ತೆರವಾದ ಆಡಳಿತ ಸುಧಾರಣಾ ಆಯೋಗದ ಅಧ್ಯಕ್ಷ ಸ್ಥಾನ ಹನುಮಂತಯ್ಯನವರಿಗೆ ಬಂತು. 20 ವರದಿಗಳು, 537 ಶಿಫಾರಸುಗಳು: ಸ್ವತಂತ್ರ ಭಾರತದಲ್ಲಿ ಆಡಳಿತ ಯಂತ್ರವನ್ನು ಇಷ್ಟು ಕೂಲಂಕಷವಾಗಿ ಪರಿಶೀಲಿಸಿದ ಮೊದಲ ಆಯೋಗವದು. 1971ರಿಂದ 1972ರ ಜುಲೈವರೆಗೆ ಅವರು ರೈಲ್ವೆ ಸಚಿವರಾಗಿದ್ದರು. ರೈಲ್ವೆ ಮಂಡಳಿಯ ಮೇಲಧಿಕಾರಿಗಳೊಡನೆ ಅವರಿಗೆ ನಡೆದ ತಿಕ್ಕಾಟ ಆಗ ಸುದ್ದಿಯಾಗಿತ್ತು. 1977ರ ಚುನಾವಣೆಯಲ್ಲಿ ನ್ಯಾಯಮೂರ್ತಿ ಕೆ.ಎಸ್. ಹೆಗ್ಡೆಯವರೆದುರು ಸೋತರು. ಗಮಕ ಹಾಗೂ ಹಳಗನ್ನಡ, ನಡುಗನ್ನಡ ಕಾವ್ಯಗಳ ಮೇಲಿನ ಪ್ರೀತಿ ಮಾತ್ರ ಕೊನೆಯವರೆಗೂ ಉಳಿಯಿತು. ಕುಮಾರವ್ಯಾಸನ ಭಾರತ ಸಾಮಾನ್ಯ ಜನರಿಗೆ ಎಟಕುವ ಬೆಲೆಯಲ್ಲಿ ಸಿಗಬೇಕೆಂದು ಅವರು ಪಟ್ಟ ಶ್ರಮವನ್ನು ಕನ್ನಡ ಮನೆಗಳು ಬಲ್ಲವು. 1980ರ ಡಿಸೆಂಬರ್ 1ರಂದು ಅವರು ನಿಧನರಾದರು.

ಅವರು ಒಪ್ಪಿದ ಶೈಲಿಯನ್ನು ನಂತರದ ಸರಕಾರಗಳು ಬಿಡಲಿಲ್ಲ. ವಿಧಾನಸೌಧದ ಪಕ್ಕದಲ್ಲಿ 2005ರಲ್ಲಿ ಆರಂಭಗೊಂಡ ವಿಕಾಸಸೌಧ ಅದರದೇ ಪಡಿಯಚ್ಚು. ಬೆಳಗಾವಿಯಲ್ಲಿ 2012ರ ಅಕ್ಟೋಬರ್ 11ರಂದು ರಾಷ್ಟ್ರಪತಿ ಪ್ರಣಬ್ ಮುಖರ್ಜಿಯವರು ಉದ್ಘಾಟಿಸಿದ ಸುವರ್ಣ ವಿಧಾನಸೌಧದಲ್ಲೂ ಅದೇ ಗುಮ್ಮಟ, ಅದೇ ಕಂಬಸಾಲು. ಬೆಂಗಳೂರಿನ ಸೌಧದ ಪ್ರವೇಶದ್ವಾರಗಳಲ್ಲಿ ಒಂದನ್ನು ಕೆಂಗಲ್ ಗೇಟ್ ಎಂದೇ ಕರೆಯುತ್ತಾರೆ. ಬಹುಕಾಲ ಬೇಲಿಯಾಚೆ ನಿಂತು ಛಾಯಾಚಿತ್ರ ತೆಗೆಸಿಕೊಳ್ಳುವುದಷ್ಟೇ ಸಾಮಾನ್ಯರ ಪಾಲಿಗಿತ್ತು. 2025ರ ಜೂನ್‌ನಲ್ಲಿ ಕರ್ನಾಟಕದ ಪ್ರವಾಸೋದ್ಯಮ ಇಲಾಖೆಯು ಮಾರ್ಗದರ್ಶಕರೊಡನೆ ಸೌಧವನ್ನು ಒಳಹೊಕ್ಕು ನೋಡುವ ವ್ಯವಸ್ಥೆಯನ್ನು ಆರಂಭಿಸಿತು. ಮಕ್ಕಳ ಶಾಲೆಗೆ ರಜೆಯಿದ್ದಾಗ ಊರಿಗೆ ಹೋಗುವ ನಮ್ಮ ಬಾಂಧವರು ಬೆಂಗಳೂರಿನ ಮೂಲಕ ಸಾಗುವುದಾದರೆ ದಿನ, ವೇಳೆಗಳನ್ನು ಮೊದಲೇ ವಿಚಾರಿಸಿಕೊಂಡು ಒಂದು ಮುಂಜಾನೆಯನ್ನು ಅದಕ್ಕಾಗಿ ತೆಗೆದಿರಿಸಬಹುದು.